ಕಚ್ಚಿಕೊಂಡ ಕರಡಿಗೆ

ಎಷ್ಟು ಎಳೆದರೂ ಇಷ್ಟಲಿಂಗದ ಬೆಳ್ಳಿ ಕರಡಿಗೆಯ ಮುಚ್ಚಳ ಬರಲಿಲ್ಲ. ತಿಪಟೂರಿನ ನನ್ನ ಕೊಬ್ಬರಿ ಅಂಗಡಿಯಲ್ಲಿ ಬಿಳಿ ಅಂಗಿ, ಟೈ ತೊಟ್ಟ ಅಮೆರಿಕದ ಯುವಕ ಎದುರಿಗೇ ನಿಂತಿದ್ದ. ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕನಂತೆ. ಬಂದದ್ದು ಕೊಬ್ಬರಿ ಕೊಳ್ಳಲು. ಆದರೂ ಪ್ರಚಾರಕನೆಂದು ಗೊತ್ತಾಗಿದ್ದೇ ತಡ, ನಾನು ಎದೆ ತಟ್ಟಿ, "ನಮ್ ದೇವ್ರು ಇಲ್ಲೇ ಅವ್ನೆ ಕಣಪ್ಪ, ನಿಮ್ದು ಬ್ಯಾಡ" ಎಂದಿದ್ದೆ. "ನೋಡಬಹುದೇ?" ಎಂದು ಅವನು ವಿನಯದಿಂದ ಕೇಳಿದ್ದ.

ತಕ್ಕಡಿಯ ಬಳಿಯಿದ್ದ ಹೆಂಡತಿ ನಕ್ಕುಬಿಟ್ಟಳು. "ಅವ್ರು ಅದುನ್ನ ತೆಗ್ದು ಯಾವ ಕಾಲ ಆಯ್ತೋ, ಬುಡಪ್ಪ!"

ನನಗೆ ತಲೆಯೆತ್ತಲಾಗಲಿಲ್ಲ. ಇನ್ನು ಇವನು ತನ್ನ ಉಪದೇಶ ಶುರುಮಾಡುತ್ತಾನೆ ಎಂದುಕೊಂಡೆ. ಅವನು ನಗಲೂ ಇಲ್ಲ. ಕಲಿತ ಕನ್ನಡದಲ್ಲಿ ತಡವರಿಸುತ್ತಾ, "ದೇವರನ್ನು ನಂಬಿ ಎಂದು ಎಲ್ಲರಿಗೂ ಹೇಳುತ್ತೇನೆ. ನಾಲ್ಕು ತಿಂಗಳಿಂದ ನನ್ನ ಪ್ರಾರ್ಥನೆ ಬರೀ ಬಾಯಿಪಾಠ. ಊರಿನಲ್ಲಿರುವ ಅಮ್ಮನಿಗೆ ಇದನ್ನು ಹೇಳಿಲ್ಲ" ಎಂದವನೇ ಕೊಬ್ಬರಿ ಪೊಟ್ಟಣ ತೆಗೆದುಕೊಂಡು ಹೊರಟುಹೋದ.

ಮರುದಿನ ಅಕ್ಕಸಾಲಿಗ ಮುಚ್ಚಳ ಬಿಡಿಸಿಕೊಟ್ಟ. ಈಗ ದಿನಾ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತೇನೆ. ಏನು ಬೇಡಬೇಕೋ ತೋಚುವುದಿಲ್ಲ. ಆ ಹುಡುಗ ಅಮ್ಮನಿಗೆ ಹೇಳಿದನೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿರುತ್ತದೆ.