ಒಗೆಯದೆ ಉಳಿಸಿದ ಒಂದು ಬಟ್ಟೆ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಶವಾಗಾರದ ಹಿಂದಿನ ನಲ್ಲಿಯ ಬಳಿ ಕೂತು ಆಕೆ ಒಂದು ಚೌಕಳಿ ಅಂಗಿಯನ್ನು ನೆನೆಸುತ್ತಿದ್ದಾರೆ. ನಾನು ಮೂಗಿಗೆ ಕರವಸ್ತ್ರ ಒತ್ತಿಕೊಂಡದ್ದನ್ನು ನೋಡಿ, "ಮೊದಲ ವಾರ ಹಾಗೇ. ಆಮೇಲೆ ಮೂಗೇ ಸುಸ್ತಾಗಿ ಸುಮ್ನಾಗತ್ತೆ" ಎನ್ನುತ್ತಾರೆ.

ಎಲ್ಲರೂ ಇವರನ್ನು ಕರೆಯುವುದು 'ಒಗೆಯೋ ಅಕ್ಕ' ಎಂದು. ಗುರುತು ಸಿಗದ ಶವಗಳ ಬಟ್ಟೆಬರೆ, ಪೊಲೀಸರ ತಪಾಸಣೆ ಮುಗಿದ ಮೇಲೆ, ಇವರ ಕೈಗೆ ಬರುತ್ತದೆ. ಒಗೆದು, ಒಣಗಿಸಿ, ಫೋಟೊ ತೆಗೆದು ಬಸ್ ನಿಲ್ದಾಣದ ಫಲಕಕ್ಕೆ ಅಂಟಿಸುತ್ತಾರೆ. ಇದನ್ನು ಮಾಡೆಂದು ಯಾರೂ ಹೇಳಿಲ್ಲ. ಇವರ ಕೆಲಸ ನೆಲ ಒರೆಸುವುದು. "ನೀರಲ್ಲಿ ನಾಲ್ಕು ದಿನ ಇದ್ದ ಮುಖಾನ ಹೆತ್ತವರೂ ಗುರುತು ಹಿಡಿಯಲ್ಲ. ತಾವೇ ಹಾಕಿದ ಹೊಲಿಗೆ ಮಾತ್ರ ಮರೆಯಲ್ಲ." ಹನ್ನೊಂದು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಮಂದಿಯ ಬಟ್ಟೆ ಒಗೆದಿದ್ದಾರೆ. ಹೆಸರು ಸಿಕ್ಕಿದ್ದು ತೊಂಬತ್ತೆರಡು ಮಂದಿಗೆ. ಉಳಿದವರು ನಂಬರುಗಳಾಗಿಯೇ ಮಣ್ಣಾದರು.

ಐದು ವರ್ಷದ ಹಿಂದಿನ ತಮ್ಮ ಒಂದು ತಪ್ಪನ್ನು ನಾನು ಕೇಳದೆಯೇ ಆಕೆ ಹೇಳುತ್ತಾರೆ. ಮಗನನ್ನು ಹುಡುಕಿಕೊಂಡು ತಾಯಿಯೊಬ್ಬರು ಬಂದಿದ್ದರು. ರೈಲು ಹಳಿಯ ಮೇಲೆ ಮುಖ ಗುರುತು ಸಿಗದಂತಾಗಿದ್ದ ಶವದ ಪಕ್ಕ ಸಿಕ್ಕ ಚೀಲದಲ್ಲಿದ್ದ ಅಂಗಿಯನ್ನು ಅಕ್ಕ ಘಮಘಮ ಎನ್ನುವಂತೆ ಒಗೆದು, ಇಸ್ತ್ರಿ ಮಾಡಿ, ಆ ತಾಯಿಯ ಕೈಗಿಟ್ಟರು. ಅವರು ಮೂಸಿ ನೋಡಿ, "ನಮ್ಮ ಹುಡುಗಂದಲ್ಲ" ಎಂದು ಹೊರಟೇಹೋದರು. ಎರಡು ತಿಂಗಳಾದ ಮೇಲೆ ಫಲಕದ ಫೋಟೊ ನೋಡಿ, ಜೇಬಿನ ತೇಪೆಯಿಂದ ಅಂಗಿಯನ್ನು ಗುರುತಿಸಿದವಳು ಅವನ ತಂಗಿ. ಅಷ್ಟರಲ್ಲಿ ಶವವನ್ನು ಹೂಳಿಯಾಗಿತ್ತು. "ಆಯಮ್ಮ ನನ್ನ ಬೈಲಿಲ್ಲ. 'ನನ್ನ ಮಗನ ವಾಸನೇನೇ ಇರ್ಲಿಲ್ವಲ್ಲಮ್ಮ' ಅಂದ್ರು ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು."

ಅಂದಿನಿಂದ, ಅಪರೂಪಕ್ಕೆ ಯಾರದಾದರೂ ಬಟ್ಟೆ ಹಾಳಾಗದೆ ಉಳಿದಿದ್ದರೆ, ಅದರಲ್ಲಿ ಒಂದನ್ನು, ಟೋಪಿಯೋ ಟವೆಲ್ಲೋ, ಒಗೆಯದೆ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿಡುತ್ತಾರೆ. ಹೀಗೆ ಮೂವತ್ತೆಂಟು ಗಂಟುಗಳಿವೆ. ಈಗ ಅವಕ್ಕೇ ಕುತ್ತು ಬಂದಿದೆ. ಹೊಸ ಮೇಲ್ವಿಚಾರಕರು, ವಾಸನೆ ಬರುತ್ತದೆಂದು, ಶನಿವಾರದೊಳಗೆ ಎಲ್ಲವನ್ನೂ ಸುಡಬೇಕೆಂದು ಹೇಳಿದ್ದಾರೆ. "ಅವರದೇನು ತಪ್ಪು? ಮೂಗು ಹೊಸದು" ಎಂದು ಕಾವಲುಗಾರ ನಗುತ್ತಾನೆ. ಅಕ್ಕನಿಗೆ ನಗುವಷ್ಟು ತ್ರಾಣವಿಲ್ಲ.

"ಬಿಗಿ ಮುಚ್ಚಳದ ಪೆಟ್ಟಿಗೆ ಒಂದು ಕೊಡ್ಸಿದ್ರೆ ಸಾಕಿತ್ತು. ಸಾಹೇಬ್ರಿಗೂ ವಾಸನೆ ಬರಲ್ಲ, ಬಟ್ಟೆಯಿಂದಾನೂ ಹೋಗಲ್ಲ. ಎರಡು ಸಲ ಕೇಳ್ದೆ. ಮೂರನೇ ಸಲ ಕೇಳೋಕೆ ಬೇಜಾರು" ಎನ್ನುತ್ತಾರೆ ಅಕ್ಕ.

ಹಾಗಾದರೆ ಶನಿವಾರ?

ಆಕೆ ಅಂಗಿಯನ್ನು ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕುತ್ತಾರೆ.

"ಮನೆಗೆ ಒಯ್ತೀನಿ. ಮಂಚದ ಕೆಳಗೆ ಜಾಗ ಮಾಡಿ ಅಂತ ಯಜಮಾನ್ರಿಗೆ ಹೇಳಿದೀನಿ. 'ಏನೇ, ಮೂವತ್ತೆಂಟು ಜನ ನೆಂಟರನ್ನ ಕರ್ಕೊಂಡ್ ಬರ್ತೀಯಾ, ಎಷ್ಟು ದಿನ ಇರ್ತಾರೆ?' ಅಂದ್ರು. 'ಅವರ ಮನೆಯವರು ಬಂದು ಕರ್ಕೊಂಡ್ ಹೋಗೋವರೆಗೂ' ಅಂದೆ."