ರಾಕ್ಷಸನ ಉಚಿತ ಟಿಕೇಟು

ಭಟ್ಕಳದಿಂದ ಕುಮಟಾದವರೆಗಿನ ಊರುಗಳ ಸಂಘಗಳಿಗೆ ಹೊಗೆಯಿಲ್ಲದ ವಾಹನ ಕೊಡಿಸುವುದು ನನ್ನ ಕೆಲಸ. ಡೀಸೆಲ್ ಸುಡುವುದು ಕಡಿಮೆಯಾಗಬೇಕೆಂಬ ನನ್ನ ಭಾಷಣವನ್ನು ಕರ್ಕಿಯ ಮಹಿಳಾ ಯಕ್ಷಗಾನ ತಂಡದವರು ಪೂರ್ತಿ ಕೇಳಿ, ಚಹಾ ಕೊಟ್ಟು, ಬ್ಯಾಟರಿ ಟೆಂಪೊಗೆ ಒಪ್ಪಿದರು.

ಯಕ್ಷಗಾನಕ್ಕೆಂದು ಅದರ ಮೊದಲ ಸವಾರಿ ಕುಮಟಾದ ಕಾಲೇಜೊಂದಕ್ಕೆ. ಮಧ್ಯಾಹ್ನದ ಆಟ. ಅಲ್ಲಿ ಹೊತ್ತು ಸಾಲದೆಂದು ಎಲ್ಲರೂ ಮನೆಯಲ್ಲೇ ಬಣ್ಣ ಹಚ್ಚಿಕೊಂಡು ವೇಷ ಕಟ್ಟಿ ಹೊರಟರು. ಟೆಂಪೊ ಓಡಿಸುತ್ತಿದ್ದವಳು ದೇವಿಯ ವೇಷದವಳು. ಹಿಂದೆ ಕೂತ ರಾಕ್ಷಸ ನಿಜದಲ್ಲಿ ಅಂಗನವಾಡಿ ಟೀಚರು, ಬಲು ಮೆದು ದನಿಯವಳು. ನಾನು ಅವಳ ಪಕ್ಕದಲ್ಲಿ ಚಂಡೆ ಹಿಡಿದು ಕೂತಿದ್ದೆ.

ಧಾರೇಶ್ವರದ ಹತ್ತಿರ ಟೆಂಪೊ ಸದ್ದಿಲ್ಲದೆ ನಿಂತಿತು. ಚಾರ್ಜು ಖಾಲಿ.

"ಬೆಳಿಗ್ಗೆ ಎಲ್ಲಿಗಾದ್ರೂ ಹೋಗಿದ್ರಾ?" ಎಂದು ಕೇಳಿದೆ.

"ಅಪ್ಸರಕೊಂಡ ಫಾಲ್ಸಿಗೆ," ಎಂದಳು ದೇವಿ. "ಡೀಸೆಲ್ ಖರ್ಚಿಲ್ಲ ಅಲ್ದಾ? ಎರಡು ಸಲ ಹೋದ್ವು."

"ಎರಡು ಸಲ ಎಂತಕ್ಕೆ?"

"ಮೊದಲ್ನೇ ಸಲ ಅತ್ತೆ ಬರ್ಲಿಲ್ಲ. ಆಮೇಲೆ ಸಿಟ್ಟು ಮಾಡಿದ್ರು."

ಹೊಗೆ ತಗ್ಗಿಸಲು ಕೊಡಿಸಿದ ಗಾಡಿ ತಿರುಗಾಟ ಹೆಚ್ಚಿಸೀತೆಂದು ನಾನು ಯೋಚಿಸಿಯೇ ಇರಲಿಲ್ಲ. ಪಕ್ಕದ ಗ್ಯಾರೇಜಿನವರು ಟೆಂಪೊವನ್ನು ಚಾರ್ಜಿಗೆ ಹಾಕಿಕೊಂಡರು. ನಾವು ಕಿರೀಟ, ಚಂಡೆ ಹೊತ್ತು ಸರ್ಕಾರಿ ಬಸ್ಸಿಗೆ ಕೈ ಅಡ್ಡ ಹಿಡಿದೆವು. ರಸ್ತೆಯಲ್ಲಿ ನಿಂತ ರಾಕ್ಷಸನನ್ನು ದಾಟಿ ಹೋಗುವ ಧೈರ್ಯ ಡ್ರೈವರನಿಗೂ ಬರಲಿಲ್ಲವೇನೋ, ಬಸ್ಸು ನಿಂತಿತು.

ಹೆಂಗಸರಿಗೆ ಬಸ್ಸು ಉಚಿತ. ಹುಬ್ಬಳ್ಳಿ ಕಡೆಯ ಕಂಡಕ್ಟರು ಎಲ್ಲರ ಆಧಾರ್ ನೋಡುತ್ತ ಬಂದು ರಾಕ್ಷಸನ ಮುಂದೆ ನಿಂತರು.

"ಮೀಸಿ ಇದ್ದವ್ರು ಟಿಕೇಟ್ ತಗೋಬೇಕ್ರಿ."

"ನಾ ಹೆಂಗ್ಸು," ಎಂದು ರಾಕ್ಷಸ ಮೆಲ್ಲಗೆ ಹೇಳಿ ಮೊಬೈಲಿನಲ್ಲಿ ಆಧಾರ್ ತೋರಿಸಿದಳು. ಕಂಡಕ್ಟರು ಫೋಟೊ ನೋಡಿದರು, ಕೆಂಪು ಕಪ್ಪು ಮುಖ ನೋಡಿದರು, ಮತ್ತೆ ಫೋಟೊ ನೋಡಿದರು.

"ಇದರಾಗ ನೀವು ಎಲ್ಲಿ ಅದೀರಿ?"

ಮೀಸೆ ಕೀಳುವಂತಿರಲಿಲ್ಲ, ಅಂಟು ಗಟ್ಟಿಯಾಗಿತ್ತು. ಬಸ್ಸಿನಲ್ಲಿ ಎಲ್ಲರೂ ಹಿಂದಕ್ಕೆ ತಿರುಗಿ ಕೂತು ತೀರ್ಪಿಗೆ ಕಾಯುತ್ತಿದ್ದರು. ಕೊನೆಗೆ ಮೀನಿನ ಬುಟ್ಟಿಯ ಅಜ್ಜಿಯೊಬ್ಬಳು, "ನನ್ನ ಮೊಮ್ಮಗಳ ಟೀಚರು ಅದು. ದನಿ ಕೇಂಡ್ರೆ ಗೊತ್ತಾಗೂದಿಲ್ವಾ? ಟಿಕೇಟು ಕೊಡು," ಎಂದಳು. ಕಂಡಕ್ಟರು ಉಚಿತ ಟಿಕೇಟು ಹರಿದು ರಾಕ್ಷಸನಿಗೆ ಕೊಟ್ಟರು. ಇಡೀ ತಂಡದಲ್ಲಿ ದುಡ್ಡು ಕೊಟ್ಟವನು ನಾನೊಬ್ಬನೇ.

ಆಟ ಸರಿಯಾದ ಹೊತ್ತಿಗೆ ಶುರುವಾಯಿತು. ದೇವಿ ರಾಕ್ಷಸನನ್ನು ಕೊಂದಳು, ಹುಡುಗರು ಶಿಳ್ಳೆ ಹೊಡೆದರು.

ಈಗ ಟೆಂಪೊದಲ್ಲಿ ಸಾಮಾನು ಮಾತ್ರ ಹೋಗುತ್ತದೆ, ತಂಡ ಬಸ್ಸಿನಲ್ಲಿ. ನನ್ನ ಭಾಷಣಕ್ಕಿಂತ ಇದೇ ಒಳ್ಳೆಯ ಏರ್ಪಾಡು ಎಂದು ನಾನೇ ಒಪ್ಪಿದ್ದೇನೆ. ಕಾರಣ ಕೇಳಿದರೆ ಟೀಚರು ಹೊಗೆಯ ಮಾತೇ ಎತ್ತುವುದಿಲ್ಲ. "ಬಸ್ಸಲ್ಲಿ ಆದ್ರೆ ನಾಲ್ಕು ಜನ ಮಾತಾಡ್ಸ್ತ್ರು," ಎನ್ನುತ್ತಾಳೆ.