ಪ್ಲಗ್ ಇಲ್ಲದ ಸಾಲಿನಲ್ಲಿ ನಿಂತ ಪಿಕಪ್

ಸಿಟ್ಟು ಬಂದಾಗ ಪರಾಸ್ಕಾ ಮೆಲ್ನಿಚುಕ್‌ಳ ದನಿ ಏರುವುದಿಲ್ಲ, ಇಳಿಯುತ್ತದೆ. ಫೆಬ್ರವರಿಯ ಆ ಸೋಮವಾರ ಅದು ಎಷ್ಟು ಇಳಿದಿತ್ತೆಂದರೆ, ಅಂಗಡಿಯ ಹೆಂಗಸು ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಬೇಕಾಯಿತು. ಆ ಹೆಂಗಸೇ ಆಕೆಗೆ ಸುದ್ದಿ ಮುಟ್ಟಿಸಿದ್ದು. ವಾಸಿಲ್ ನಗರದ ವೃದ್ಧಾಶ್ರಮವೊಂದರಲ್ಲಿ ಕೋಣೆ ಕೇಳಿದ್ದಾನೆ, ಒಂದು ಖಾಲಿ ಇದೆಯಂತೆ, ಶುಕ್ರವಾರದೊಳಗೆ ಆತ ಹೂಂ ಅನ್ನಬೇಕಂತೆ.

ವಾಸಿಲ್ ಆಕೆಯ ತೀರಿಹೋದ ಗಂಡ ಪೆಟ್ರೊನ ಅಣ್ಣ. ವಯಸ್ಸು ಎಪ್ಪತ್ತೆರಡು. ರಸ್ತೆಯ ಆಚೆ ಬದಿಯ ಮನೆ. ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಸ್ಪತ್ರೆ ಇರುವುದು ತೊಂಬತ್ತನಾಲ್ಕು ಕಿಲೋಮೀಟರ್ ದೂರದಲ್ಲಿ. ಮೂರು ವರ್ಷದಿಂದ ಮಂಗಳವಾರ, ಗುರುವಾರ, ಶನಿವಾರ ಪರಾಸ್ಕಾ ಆತನನ್ನು ಪೆಟ್ರೊನ ಹಳೆಯ ಪಿಕಪ್‌ನಲ್ಲಿ ಕರೆದೊಯ್ಯುತ್ತಾಳೆ, ನಾಲ್ಕು ಗಂಟೆ ಕಾಯುತ್ತಾಳೆ, ವಾಪಸು ತರುತ್ತಾಳೆ. ಆ ಪಿಕಪ್ ನಿಂತರೆ ವಾಸಿಲ್ ಊರು ಬಿಡಬೇಕು. ಲೆಕ್ಕ ಅಷ್ಟೇ.

ನವೆಂಬರ್‌ನಿಂದ ಪಿಕಪ್ ಆಗಾಗ ನಿಲ್ಲತೊಡಗಿತ್ತು. ಡಯಾಲಿಸಿಸ್ ಮುಗಿಸಿ ಬಂದು ಕೀಲಿ ತಿರುಗಿಸಿದರೆ ಒಂದು ‘ಟಕ್’, ಆಮೇಲೆ ಏನೂ ಇಲ್ಲ. ದೀಪಗಳು ಮಾತ್ರ ಪ್ರಖರವಾಗಿ ಉರಿಯುತ್ತಿದ್ದವು. ಯಾರಾದರೂ ತಮ್ಮ ಗಾಡಿಯ ಬ್ಯಾಟರಿಯಿಂದ ಕೇಬಲ್ ಕೊಟ್ಟರೆ ತಕ್ಷಣ ಹೊರಡುತ್ತಿತ್ತು. ಹಾಗಾದರೆ ಬ್ಯಾಟರಿಯದೇ ತೊಂದರೆ ಎಂದು ಊರಿನ ಮೆಕ್ಯಾನಿಕ್ ಗಾರ್ತ್ ಹೊಸ ಬ್ಯಾಟರಿ ಹಾಕಿದ. ಮತ್ತೆ ನಿಂತಿತು. ಸ್ಟಾರ್ಟರ್ ಬದಲಿಸಿದ. ಮತ್ತೆ ನಿಂತಿತು. ಪ್ರತಿ ಸಲವೂ ಇಲ್ಲಿನ ಎಲ್ಲ ಮೆಕ್ಯಾನಿಕ್‌ಗಳು ಮಾಡುವಂತೆ ಆತ ಗಾಡಿಯನ್ನು ಬಿಸಿ ಮಾಡಿದ ಶೆಡ್ಡಿನೊಳಗೆ ತಂದು, ಮೈಮೇಲಿನ ಹಿಮ ಕರಗಿದ ಮೇಲೆಯೇ ಕೈ ಹಾಕುತ್ತಿದ್ದ. ಅಲ್ಲಿ ಅದು ಹತ್ತಕ್ಕೆ ಹತ್ತು ಸಲ ಹೊರಡುತ್ತಿತ್ತು.

ಜನವರಿಯ ಕೊನೆಗೆ, ಮಧ್ಯಾಹ್ನ ಮೂರರ ಕಾಫಿಗೆ ಎಂದಿನಂತೆ ಗಂಡಸರೆಲ್ಲ ಊರಿನ ಹೋಟೆಲಿನಲ್ಲಿ ಸೇರಿದ್ದಾಗ, ಗಾರ್ತ್ ತನ್ನ ತೀರ್ಪು ಹೇಳಿದ. ಗಾಡಿಯಲ್ಲಿ ದೋಷವಿಲ್ಲ, ಓಡಿಸುವವರಲ್ಲಿದೆ. ಪರಾಸ್ಕಾ ಗೇರನ್ನು ಪಾರ್ಕ್‌ಗೆ , ಅಂದರೆ ಗಾಡಿ ನಿಲ್ಲಿಸುವ ಸ್ಥಾನಕ್ಕೆ, ಪೂರ್ತಿ ಹಾಕದೆ ಕೀಲಿ ತಿರುಗಿಸುತ್ತಾಳೆ, ಹಾಗಿದ್ದರೆ ಎಂಜಿನ್ ಹೊರಡುವುದಿಲ್ಲ; ವಯಸ್ಸಾಯಿತಲ್ಲ. ವಾಸಿಲ್ ಅದೇ ಮೇಜಿನಲ್ಲಿದ್ದ. ಏನೂ ಹೇಳಲಿಲ್ಲ. ಮರುದಿನವೇ ವೃದ್ಧಾಶ್ರಮದ ಅರ್ಜಿಗೆ ಸಹಿ ಹಾಕಿದ.

ಸೋಮವಾರ ಅಂಗಡಿಯಿಂದ ನೇರವಾಗಿ ಆಕೆ ವಾಸಿಲ್‌ನ ಅಡುಗೆಮನೆಗೆ ಹೋದಳು. ಬೂಟು ಬಿಚ್ಚಲಿಲ್ಲ.

“ಗಾರ್ತ್ ನನ್ನ ಮೇಲೆ ಹೇಳ್ವಾಗ ನೀನಲ್ಲೇ ಕೂತಿದ್ಯಂತೆ.”

“ಏನ್ ಹೇಳ್ಲಿ ಪರಾಸ್ಕಾ? ಗಾಡಿ ವಿಷಯ ನಂಗೇನ್ ಗೊತ್ತು?”

“ನನ್ನ ವಿಷಯ ಗೊತ್ತಿತ್ತಲ್ಲ.”

ನಿನಗೂ ಸಾಕಾಗಿರಬಹುದು ಅಂದುಕೊಂಡೆ ಎಂದ ಆತ. ತನಗೆ ಸಾಕಾಯಿತೋ ಇಲ್ಲವೋ ಎಂಬುದನ್ನೂ ಗಾರ್ತ್‌ನ ಬಳಿಯೇ ಕೇಳಿದೆಯಾ ಎಂದು ಆಕೆ ಕೇಳಿದಳು. ನೆಲದ ಮೇಲೆ ಬೂಟಿನ ಹಿಮ ಕರಗಿ ನೀರಾಗಿತ್ತು. ಒರೆಸದೆ ಹೊರಟುಹೋದಳು.

ಮೂವತ್ತೊಂದು ವರ್ಷ ಪರಾಸ್ಕಾ ಊರಿನ ಧಾನ್ಯದ ಗೋದಾಮಿನಲ್ಲಿ ತೇವ ಅಳೆಯುವ ಕೆಲಸ ಮಾಡಿದವಳು. ಗೋಧಿ ಒಣಗಿದೆ ಎಂದು ರೈತರು ತಾಯಿಯಾಣೆ ಇಡುತ್ತಿದ್ದರು, ಬೈಯುತ್ತಿದ್ದರು, ಒಬ್ಬನಂತೂ ಟೋಪಿ ಎಸೆದಿದ್ದ. ಆಕೆ ಒಂದು ಹಿಡಿ ಗೋಧಿಯನ್ನು ಯಂತ್ರಕ್ಕೆ ಹಾಕಿ, ಅಂಕಿ ಅವರ ಕಡೆಗೆ ತಿರುಗುವಂತೆ ಇಡುತ್ತಿದ್ದಳು. ವಾದ ಅಲ್ಲಿಗೆ ಮುಗಿಯುತ್ತಿತ್ತು. ಆ ಮೂವತ್ತೊಂದು ವರ್ಷದಲ್ಲಿ ಆಕೆಯ ಲೆಕ್ಕ ತಪ್ಪೆಂದು ಸಾಬೀತಾದದ್ದು ಎರಡು ಸಲ, ಎರಡನ್ನೂ ಆಕೆಯೇ ಹೇಳುತ್ತಾಳೆ.

ಅಂದು ಸಂಜೆ ಕ್ಯಾಲೆಂಡರ್ ಕೆಳಗಿಳಿಸಿದಳು. ಪ್ರತಿ ಪ್ರಯಾಣದ ದಿನದ ಚಳಿ ಎಷ್ಟೆಂದು ಅದರಲ್ಲಿ ಬರೆದಿಟ್ಟಿದ್ದಳು. ಗಾಡಿ ನಿಂತದ್ದು ಒಂಬತ್ತು ಸಲ. ಒಂಬತ್ತೂ ದಿನ ಚಳಿ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿಗೂ ಹೆಚ್ಚು ಕೆಳಗಿತ್ತು. ಆದರೆ ಅಷ್ಟೇ ಚಳಿಯ ಇನ್ನಾರು ದಿನ ಅದು ಸರಿಯಾಗಿ ಹೊರಟಿತ್ತು. ವ್ಯತ್ಯಾಸ ಎಲ್ಲಿ ಎಂದು ಆಕೆ ಒಂದು ಗಂಟೆ ಕೂತು ಯೋಚಿಸಿದಳು. ಆಸ್ಪತ್ರೆಯ ಅಂಗಳದಲ್ಲಿ ಮುಂದಿನ ಎರಡು ಸಾಲಿಗೆ ಮಾತ್ರ ಎಂಜಿನ್ ಬೆಚ್ಚಗಿಡುವ ಹೀಟರ್‌ಗೆ ಪ್ಲಗ್ ಇದೆ. ಆ ಆರು ದಿನ ಆಕೆಗೆ ಮುಂದೆ ಜಾಗ ಸಿಕ್ಕಿತ್ತು. ಒಂಬತ್ತು ದಿನ ಹಿಂದಿನ ಸಾಲೇ ಗತಿಯಾಗಿತ್ತು. ಎಂಜಿನ್ ಚಳಿಗೆ ಮರಗಟ್ಟಿ ಎಣ್ಣೆ ಗಟ್ಟಿಯಾದ ದಿನ, ಅಂದರೆ ಅದನ್ನು ತಿರುಗಿಸಲು ಹೆಚ್ಚು ಕರೆಂಟ್ ಬೇಕಾದ ದಿನ ಮಾತ್ರ, ಗಾಡಿ ಸೋಲುತ್ತಿತ್ತು.

ಮಂಗಳವಾರ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತು, ಆಸ್ಪತ್ರೆಗೆ ಹೋಗಿಬಂದದ್ದು ಸುಸೂತ್ರವಾಗಿ ಮುಗಿಯಿತು. ಬುಧವಾರ ಬೆಳಗ್ಗೆ ಏಳಕ್ಕೆ ಪಿಕಪ್ಪನ್ನು ಗಾರ್ತ್‌ನ ಅಂಗಳದಲ್ಲಿ, ಬಯಲಲ್ಲಿ, ಪ್ಲಗ್ ಇಲ್ಲದೆ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡು ನಡೆದುಹೋದಳು. ಒಳಗೆ ತರಲು ಕೀಲಿ ಬೇಕೆಂದು ಆತ ಎರಡು ಸಲ ಫೋನ್ ಮಾಡಿದ. ಮುಟ್ಟಬೇಡ ಎಂದಳು. ಮಧ್ಯಾಹ್ನ ಬಂದಾಗ ಚಳಿ ಸೊನ್ನೆಗಿಂತ ಮೂವತ್ತನಾಲ್ಕು ಕೆಳಗಿತ್ತು.

“ಒಳಗೆ ಎಳ್ಕೊಂಡ್ ಬರೋಣ,” ಎಂದ ಗಾರ್ತ್. “ಇಲ್ಲಿ ಬೆರಳು ಉದುರ್ತವೆ.”

“ಉದುರ್ಲಿ. ಒಳಗಿದ್ದಾಗೆಲ್ಲ ಇದು ಸರಿಯಾಗೇ ಇತ್ತಲ್ಲ. ಇದರ ಕಾಯಿಲೆ ಹೊರಗಿದೆ.”

ಆಕೆ ಕೀಲಿ ತಿರುಗಿಸಿದಳು. ಟಕ್. ಗಾರ್ತ್‌ನ ಕಣ್ಣು ಮೊದಲು ಹೋದದ್ದು ಗೇರಿನ ಕಡೆಗೆ. ಅದು ಪಾರ್ಕ್‌ನಲ್ಲೇ ಇತ್ತು. ಆಕೆ ಇಳಿದು ಜಾಗ ಬಿಟ್ಟಳು.

“ನೀನೇ ಕೂತ್ಕೊ. ನಿಂಗಿನ್ನೂ ವಯಸ್ಸಾಗಿಲ್ಲ.”

ಆತ ಕೂತು, ಗೇರನ್ನು ಒಮ್ಮೆ ಕೆಳಗೆಳೆದು ಮತ್ತೆ ಪಾರ್ಕ್‌ಗೆ ತಳ್ಳಿ, ಕೀಲಿ ತಿರುಗಿಸಿದ. ಟಕ್. ಪಾರ್ಕ್‌ಗೆ ಬೀಳದಿದ್ದರೆ ಆ ಟಕ್ ಕೂಡ ಬರುವುದಿಲ್ಲ, ಅಷ್ಟು ನಿನಗೆ ಹೊಳೆಯಬೇಕಿತ್ತು ಎಂದಳು ಆಕೆ. ಆತ ಕೇಬಲ್ ತರಲು ಹೊರಟ.

“ಅದು ಬೇಡ. ಅದನ್ನ ಹಾಕಿದ್ರೆ ಹೊರಟುಬಿಡುತ್ತೆ. ನಿಂಗೆ ಮತ್ತೆ ಏನೂ ಕಾಣಲ್ಲ. ಮೀಟರ್ ತಗೊಂಡ್ಬಾ.”

ಗಾರ್ತ್ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯಲ್ಲಿ ಕಪ್ಪು ಕೇಬಲ್ ಸೇರುವ ತುದಿಗೂ ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೂ ಹಿಡಿದ. ಆಕೆ ಕೀಲಿ ತಿರುಗಿಸಿ ಹಿಡಿದಳು. ನಡುವಿನ ಕೇಬಲ್ ಚೆನ್ನಾಗಿದ್ದರೆ ಅಂಕಿ ಅರ್ಧ ವೋಲ್ಟ್ ದಾಟಬಾರದು. ಆತ ಇನ್ನೊಮ್ಮೆ ಮಾಡಿಸಿದ.

“ಎಷ್ಟು?”

ಗಾರ್ತ್ ಮೀಟರಿನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡ.

“ಓದಿ ಹೇಳು.”

“ಆರು,” ಎಂದ. “ಆರೂ ಕಾಲು.”

ಕಪ್ಪು ಕೇಬಲ್ಲಿನ ಸಿಪ್ಪೆಯನ್ನು ಚಾಕುವಿನಿಂದ ಸೀಳಿದಾಗ ಒಳಗೆ ತಾಮ್ರದ ಎಳೆಗಳ ಬದಲು ಹಸಿರು ಪುಡಿ ಉದುರಿತು. ಗಟ್ಟಿಯಾಗಿ ಉಳಿದಿದ್ದುದು ಏಳೆಂಟೇ ಎಳೆ. ಎಂಜಿನ್ ಬೆಚ್ಚಗಿದ್ದ ದಿನ ಅಷ್ಟು ಸಾಕಾಗುತ್ತಿತ್ತು. ಬೇರೆ ಗಾಡಿಯ ಕೇಬಲ್ಲನ್ನು ಎಲ್ಲರೂ ಎಂಜಿನ್ನಿನ ಕಬ್ಬಿಣಕ್ಕೇ ಕಚ್ಚಿಸುವುದರಿಂದ ಈ ಸತ್ತ ಕೇಬಲ್‌ನ ಹಂಗೇ ಇರುತ್ತಿರಲಿಲ್ಲ. ಹೊಸದನ್ನು ಹಾಕಲು ಕಾಲು ಗಂಟೆ ಹಿಡಿಯಿತು. ಪಿಕಪ್ ಅದೇ ಚಳಿಯಲ್ಲಿ, ಅದೇ ಬಯಲಲ್ಲಿ ಮೊದಲ ತಿರುವಿಗೇ ಹೊರಟಿತು.

ಗಾರ್ತ್ ಕೈ ಉಜ್ಜಿಕೊಳ್ಳುತ್ತ, ವಾಸಿಲ್‌ಗೆ ಫೋನ್ ಮಾಡಿ ಹೇಳುತ್ತೇನೆ ಎಂದ.

“ಅವತ್ತು ಫೋನಲ್ಲಿ ಹೇಳಿದ್ಯಾ?”

ಮೂರಕ್ಕೆ ಇಬ್ಬರೂ ಕಾಫಿಯ ಹೋಟೆಲಿಗೆ ಹೋದರು. ವಾಸಿಲ್ ಸೇರಿ ಏಳು ಗಂಡಸರಿದ್ದರು. ಪರಾಸ್ಕಾ ಕೂರಲಿಲ್ಲ. ಗಾರ್ತ್ ಟೋಪಿ ತೆಗೆದು, ಹರಿದ ಕೇಬಲ್ಲನ್ನು ಮೇಜಿನ ಮೇಲಿಟ್ಟು, ಅವತ್ತು ತಾನು ಹೇಳಿದ್ದು ತಪ್ಪು, ಗಾಡಿಯದೇ ದೋಷ, ಅದನ್ನು ಹಿಡಿದವಳೂ ಆಕೆಯೇ ಎಂದ. ಕೆಲವರು ಲೋಟದೊಳಗೆ ಇಣುಕಿದರು. ಎಲ್ಮರ್ ಎಂಬ ಮುದುಕ ಕೇಬಲ್ಲನ್ನು ಎತ್ತಿ ಬೆಳಕಿಗೆ ಹಿಡಿದ.

“ಗಾರ್ತ್, ನಿನ್ನ ತಲೆ ಸಿಪ್ಪೆನೂ ಒಂದ್ಸಲ ಸೀಳಿ ನೋಡಿಸ್ಕೊ.”

ನಗು ಎದ್ದಿತು. ಪರಾಸ್ಕಾ ನಗಲಿಲ್ಲ. ಆಕೆ ನೋಡುತ್ತಿದ್ದುದು ವಾಸಿಲ್‌ನನ್ನು.

ವಾಸಿಲ್ ಮೇಜಿಗೆ ಕೈಯೂರಿ ಎದ್ದು, ಗಲ್ಲಾದ ಪಕ್ಕದ ಫೋನಿಗೆ ಹೋಗಿ ವೃದ್ಧಾಶ್ರಮದ ನಂಬರ್ ಒತ್ತಿದ. ಬಹಳ ಹೊತ್ತು ಕಾಯಿಸಿದರು. ಹೆಸರನ್ನು ಎರಡು ಸಲ ಅಕ್ಷರ ಬಿಡಿಸಿ ಹೇಳಬೇಕಾಯಿತು. ಕೋಣೆ ಬೇಡ ಎಂದ ಮೇಲೆ ಆಚೆಯವರು ಕಾರಣ ಕೇಳಿರಬೇಕು. ಆತ ಪರಾಸ್ಕಾಳ ಕಡೆ ಒಮ್ಮೆ ನೋಡಿ, ಊರಲ್ಲೇ ಇರುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟ.

“ನಾಳೆ ಆರೂವರೆಗೆ ಬಾಗಿಲಲ್ಲಿರು,” ಎಂದಳು ಪರಾಸ್ಕಾ, ಕೋಟಿನ ಗುಂಡಿ ಹಾಕಿಕೊಳ್ಳುತ್ತ. “ದಾರೀಲಿ ಮಾತಾಡಿಸ್ಬೇಡ.”

“ಎಷ್ಟ್ ದಿನ?”

ಅದನ್ನಿನ್ನೂ ತೀರ್ಮಾನ ಮಾಡಿಲ್ಲ ಎಂದು ಹೇಳಿ ಆಕೆ ಹೊರಗೆ ನಡೆದಳು.